ಮನೆಯ ಹಣ ಸೋರುವ ದಾರಿಗಳು

(ಕಿನ್ನಾಳದಲ್ಲಿ ರೈತರು ಹಾಗೂ ರೈತ ಮಹಿಳೆಯರ ಮುಂದೆ ಮಾಡಿದ ಭಾಷಣದ ಪಾಠ)



ಸಂಸಾರದಲ್ಲಿ ಹಣ ಉಳಿಸುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕೇಳಿದ್ದಾರೆ. ಇದ್ದುದರಲ್ಲಿಯೇ ಬಾಳುವೆ ನಡೆಸುವ ವಿದ್ಯೆಯನ್ನು ಕಿನ್ನಾಳಕ್ಕೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ನಿಮ್ಮೂರಿನ ಚಿತ್ರಗಾರ ಮನೆತನದವರ ಕೆಲಸವನ್ನೇ ನೋಡಿರಿ. ಹಗುರವಾದ ಮರ, ಹಳೆಯ ಗೋಣಿಯ ಚೂರು, ಮರದ ಹೊಟ್ಟು, ಹುಣಸೆ ಬೀಜದ ಅಂಟು, ಇಷ್ಟರಿಂದ ಅವರು ದೇವರ ಮೂರ್ತಿಯನ್ನೂ ಗೊಂಬೆಯನ್ನೂ ಮಾಡುತ್ತಾರೆ. ಬೇರೆಯವರು ತಿಪ್ಪೆಗೆ ಎಸೆಯುವ ಹುಣಸೆ ಬೀಜ ಇಲ್ಲಿ ಬೆಲೆಯುಳ್ಳ ವಸ್ತುವಾಗುತ್ತದೆ. ಮಗ್ಗದ ಮನೆಯಲ್ಲಿಯೂ ಅಷ್ಟೇ, ನೂಲಿನ ತುಂಡನ್ನು ಯಾರೂ ಸುಮ್ಮನೆ ಬಿಸಾಡುವುದಿಲ್ಲ.

ಹಾಗಾದರೆ ಇಷ್ಟು ಎಚ್ಚರದಿಂದ ನಡೆಯುವ ಮನೆಗಳಲ್ಲಿಯೂ ಕೈಯಲ್ಲಿ ಕಾಸು ನಿಲ್ಲುವುದಿಲ್ಲ ಏಕೆ? ನಾವು ಹಿಡಿತ ಮಾಡುವುದು ಒಂದು ಕಡೆ, ಹಣ ಸೋರುವುದು ಇನ್ನೊಂದು ಕಡೆ, ಎಂಬುದು ನನ್ನ ಅಭಿಪ್ರಾಯ. ಮನೆಯಾಕೆ ಚಹಾಕ್ಕೆ ಹಾಕುವ ಸಕ್ಕರೆಯಲ್ಲಿ ಅರ್ಧ ಚಮಚ ಉಳಿಸುತ್ತಾಳೆ. ಅದೇ ಮನೆಯಿಂದ ಬಡ್ಡಿಯ ರೂಪದಲ್ಲಿ, ಉದ್ರಿಯ ರೂಪದಲ್ಲಿ, ಕಣದಲ್ಲಿಯೇ ಕಾಳು ಮಾರುವ ಅವಸರದಲ್ಲಿ ಸಾವಿರಗಟ್ಟಲೆ ರೂಪಾಯಿ ಹೊರಗೆ ಹೋಗುತ್ತದೆ. ಆದುದರಿಂದ ಈ ದೊಡ್ಡ ತೂತುಗಳ ಬಗ್ಗೆ ಹೆಚ್ಚು ಹೇಳುತ್ತೇನೆ. ಸಣ್ಣವುಗಳನ್ನು ಕೊನೆಗೆ ನೋಡೋಣ.

ನೂರಕ್ಕೆ ಮೂರು

ಮುಂಗಾರು ಹತ್ತಿರ ಬಂದಂತೆ ಬೀಜ, ಗೊಬ್ಬರ, ಗಳೇವಿನ ಖರ್ಚು ಎದುರಿಗೆ ಬರುತ್ತದೆ. ಜೊತೆಗೆ ಮಕ್ಕಳ ಶಾಲೆಯ ಖರ್ಚು. ಈ ಹೊತ್ತಿನಲ್ಲಿಯೇ ಕೈಗಡ ತರುವುದು. "ನೂರಕ್ಕೆ ಮೂರು ರೂಪಾಯಿಯಂತೆ ಸಿಕ್ಕಿತು" ಎಂದು ಹೇಳುವಾಗ ಮೂರು ಎಂಬುದು ಸಣ್ಣ ಮಾತಾಗಿ ಕೇಳಿಸುತ್ತದೆ. ಅದು ತಿಂಗಳಿಗೆ ಮೂರು ಎಂಬುದನ್ನು ಮರೆಯಬಾರದು. ವರ್ಷಕ್ಕೆ ಶೇಕಡಾ 36 ಆಯಿತು. 10,000 ರೂಪಾಯಿ ತಂದವರು ವರ್ಷಕ್ಕೆ 3,600 ರೂಪಾಯಿ ಬಡ್ಡಿ ಕಟ್ಟಬೇಕು, ಅಸಲು ಹಾಗೆಯೇ ಇರುತ್ತದೆ. ಬೆಳೆ ಕೈಕೊಟ್ಟು, ಬಡ್ಡಿ ಕಟ್ಟಲಾಗದೆ, ವರ್ಷಕ್ಕೊಮ್ಮೆ ಅದನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆದುಕೊಟ್ಟರೆ ಮೊದಲ ವರ್ಷದ ಕೊನೆಗೆ 13,600, ಎರಡನೆಯ ವರ್ಷಕ್ಕೆ 18,496, ಮೂರನೆಯ ವರ್ಷಕ್ಕೆ 25,154 ರೂಪಾಯಿ ಆಗುತ್ತದೆ. ತಂದದ್ದು ಹತ್ತು ಸಾವಿರ, ಮೂರು ವರ್ಷಕ್ಕೆ ಅದು ಎರಡೂವರೆ ಪಟ್ಟು. ಯಾವ ಬೆಳೆಯೂ ಮೂರು ವರ್ಷ ಬಿಡದೆ ಇಷ್ಟು ಲಾಭ ಕೊಡುವುದಿಲ್ಲ. ಮಳೆಯನ್ನೇ ನಂಬಿದ ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಬೆದ್ದಲು ಭೂಮಿಯಂತೂ ಖಂಡಿತ ಕೊಡುವುದಿಲ್ಲ.

ಇದೇ ಹಣವನ್ನು ಕಿಸಾನ್ ಕ್ರೆಡಿಟ್ ಕಾರ್ಡಿನ ಮೇಲೆ ಬ್ಯಾಂಕಿನಿಂದ ತಂದರೆ ಏನಾಗುತ್ತದೆ? ಈ ಕಾರ್ಡು 1998ರಲ್ಲಿ ಬಂದದ್ದು. 3 ಲಕ್ಷ ರೂಪಾಯಿವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ಶೇಕಡಾ 7ರ ಬಡ್ಡಿ. ಗಡುವಿನೊಳಗೆ ತೀರಿಸಿದವರಿಗೆ ಅದು ಶೇಕಡಾ 4ಕ್ಕೆ ಇಳಿಯುತ್ತದೆ. ಸಹಕಾರ ಸಂಘಗಳ ಮೂಲಕ ಕೊಡುವ ಅಲ್ಪಾವಧಿ ಬೆಳೆಸಾಲಕ್ಕೆ, ಗಡುವಿನೊಳಗೆ ಕಟ್ಟಿದರೆ, ನಮ್ಮ ರಾಜ್ಯದಲ್ಲಿ ಬಡ್ಡಿಯೇ ಇಲ್ಲ. ಇದರ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಸಂಘದಲ್ಲಿ ಎಲ್ಲರಿಗೂ ಬೇಕಾದಷ್ಟು ಹಣ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಪಹಣಿ ಅಜ್ಜನ ಹೆಸರಿನಲ್ಲಿಯೇ ಉಳಿದಿರುವುದರಿಂದ ಎಷ್ಟೋ ಮನೆಗಳಿಗೆ ಈ ಬಾಗಿಲು ಮುಚ್ಚಿದೆ. ಅಣ್ಣತಮ್ಮಂದಿರು ಕೂತು ಮಾತಾಡಿ ಖಾತೆ ಬದಲಾಯಿಸಿಕೊಂಡರೆ ಅದೇ ದೊಡ್ಡ ಉಳಿತಾಯ. ಆ ಕೆಲಸಕ್ಕೆ ಓಡಾಟ ಇದೆ, ಖರ್ಚೂ ಇದೆ. ಆದರೆ ಒಂದು ಲಕ್ಷ ರೂಪಾಯಿ ಸಾಲಕ್ಕೆ ವರ್ಷಕ್ಕೆ 36,000 ಬಡ್ಡಿ ಎಲ್ಲಿ, 4,000 ಎಲ್ಲಿ!

ಬಡ್ಡಿಯಿಂದ ಬಿಡಿಸಿಕೊಳ್ಳಲು ರೈತರು ತಾವೇ ಕೂಡಿಕೊಂಡದ್ದು ನಮ್ಮ ನೆರೆಯಲ್ಲಿಯೇ ನಡೆದ ಸಂಗತಿ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. 1904ರ ಸಹಕಾರ ಕಾಯದೆ ಬಂದ ಮರುವರ್ಷವೇ ಅದು ನೋಂದಣಿಯಾಯಿತು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂಬ ಹೆಸರು ಅದಕ್ಕಿದೆ. ಆ ಕಾಲದ ಹಳ್ಳಿಯವರಿಗೆ ಬ್ಯಾಂಕು ಇರಲಿಲ್ಲ, ಬಸ್ಸು ಇರಲಿಲ್ಲ. ಆದರೂ ಒಬ್ಬರಿಗೊಬ್ಬರು ಜಾಮೀನು ನಿಂತು ಆ ಕೆಲಸ ಮಾಡಿದರು.

ವಾರದ ಕಂತು

ಈಗ ತಾಯಂದಿರಿಗೆ ಒಂದು ಮಾತು. ಮನೆ ಬಾಗಿಲಿಗೆ ಬಂದು ಸಾಲ ಕೊಡುವ ಸಂಸ್ಥೆಗಳು ಹಳ್ಳಿಗಳಿಗೆ ಬಂದಿವೆ. ಕಾಗದಪತ್ರದ ತೊಡಕು ಕಡಿಮೆ, ಹಣ ಬೇಗ ಸಿಗುತ್ತದೆ, ಅದು ನಿಜ. ಆದರೆ ಬಡ್ಡಿಯ ಲೆಕ್ಕವನ್ನು ಕೇಳಿ ತಿಳಿದುಕೊಂಡೇ ಹೆಬ್ಬೆಟ್ಟು ಒತ್ತಬೇಕು. "ವರ್ಷಕ್ಕೆ ನೂರಕ್ಕೆ ಹನ್ನೆರಡು, 10,000ಕ್ಕೆ 1,200 ರೂಪಾಯಿ ಅಷ್ಟೆ" ಎಂದು ಯಾರಾದರೂ ಹೇಳಬಹುದು. 11,200 ರೂಪಾಯಿಯನ್ನು ಹನ್ನೆರಡು ಕಂತಿನಲ್ಲಿ, ತಿಂಗಳಿಗೆ 933 ರೂಪಾಯಿಯಂತೆ ಕಟ್ಟಬೇಕು. ಇಲ್ಲಿ ಗಮನಿಸತಕ್ಕದ್ದು ಏನೆಂದರೆ, ಹತ್ತು ಸಾವಿರವೂ ವರ್ಷಪೂರ್ತಿ ನಿಮ್ಮ ಕೈಯಲ್ಲಿ ಇರುವುದಿಲ್ಲ. ಪ್ರತಿ ಕಂತಿಗೂ ಅಸಲು ಕರಗುತ್ತದೆ. ಆರು ತಿಂಗಳು ಕಳೆಯುವ ಹೊತ್ತಿಗೆ ಅರ್ಧ ಹಣ ಮರಳಿ ಹೋಗಿರುತ್ತದೆ. ಆದರೂ ಬಡ್ಡಿಯನ್ನು ಪೂರ್ತಿ ಹತ್ತು ಸಾವಿರಕ್ಕೇ ಹಿಡಿದಿರುತ್ತಾರೆ. ಸರಿಯಾಗಿ ಲೆಕ್ಕ ಹಾಕಿದರೆ ಅದು ಶೇಕಡಾ 12 ಅಲ್ಲ, ಹೆಚ್ಚುಕಡಿಮೆ 21ಕ್ಕೂ ಮೇಲೆ. ಆದುದರಿಂದ "ಉಳಿದ ಅಸಲಿನ ಮೇಲೆ ಬಡ್ಡಿಯೋ, ಮೊದಲಿನ ಪೂರ್ತಿ ಅಸಲಿನ ಮೇಲೋ?" ಎಂದು ಕೇಳಿರಿ. ಈ ಒಂದು ಪ್ರಶ್ನೆಗೆ ನೇರ ಉತ್ತರ ಕೊಡದವರಿಂದ ಸಾಲ ತರಬೇಡಿರಿ.

ಒಂದು ಕಂತು ಕಟ್ಟಲು ಇನ್ನೊಂದು ಸಂಸ್ಥೆಯಿಂದ ಸಾಲ ತಂದ ದಿನವೇ ಅಪಾಯದ ಗಂಟೆ ಬಾರಿಸಿತೆಂದು ತಿಳಿಯಬೇಕು. ಒಂದು ಕುಟುಂಬ ತಿಂಗಳಿಗೆ ಕಟ್ಟುವ ಎಲ್ಲ ಸಾಲಗಳ ಕಂತು ಸೇರಿ ಆ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಕಿರುಸಾಲ ಕೊಡುವವರಿಗೆ ನಿಯಮ ಮಾಡಿದೆ. ನನ್ನನ್ನು ಕೇಳಿದರೆ ಅರ್ಧವೂ ಹೆಚ್ಚಾಯಿತು. ಸುಗ್ಗಿಯಲ್ಲಿ ಹಣ ಕಾಣುವ ಮನೆಗೆ ವಾರವಾರದ ಕಂತು ಹೊಂದುವುದೇ ಇಲ್ಲ. ಮೂರ್ತಿ ಮಾಡುವವರಿಗೆ ಹಬ್ಬದ ಮುಂದೆ ಹಣ, ಬೆದ್ದಲು ರೈತನಿಗೆ ರಾಶಿಯ ನಂತರ ಹಣ. ಕಂತು ಮಾತ್ರ ಸೋಮವಾರಕ್ಕೊಮ್ಮೆ ಬಾಗಿಲಿಗೆ ಬರುತ್ತದೆ. ವಸೂಲಿಗೆ ಬಂದವರು ಬೆದರಿಸಿದರೆ, ಮನೆ ಮುಂದೆ ಕೂತು ಮರ್ಯಾದೆ ಕಳೆದರೆ, ಹೆದರಿ ಮನೆ ಬಿಡಬೇಕಾಗಿಲ್ಲ. ಅಂಥ ಬಲವಂತವನ್ನು ತಡೆಯುವ ಕಾನೂನು 2025ರಲ್ಲಿ ನಮ್ಮ ರಾಜ್ಯದಲ್ಲಿ ಬಂದಿದೆ. ಪೊಲೀಸು ಠಾಣೆಗೆ ದೂರು ಕೊಡಬಹುದು.

ಸ್ವಸಹಾಯ ಸಂಘದ ಉಳಿತಾಯ ಇದಕ್ಕಿಂತ ಬೇರೆ. ಹತ್ತರಿಂದ ಇಪ್ಪತ್ತು ಜನ ಹೆಣ್ಣುಮಕ್ಕಳು ವಾರಕ್ಕೆ ಇಂತಿಷ್ಟು ಎಂದು ಕೂಡಿಸಿ, ಅದರಲ್ಲಿಯೇ ಒಬ್ಬರಿಗೊಬ್ಬರು ಸಾಲ ಕೊಟ್ಟುಕೊಂಡರೆ, ಕಟ್ಟಿದ ಬಡ್ಡಿಯೂ ಸಂಘದಲ್ಲಿಯೇ ಉಳಿಯುತ್ತದೆ. ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು ನಬಾರ್ಡು 1992ರಲ್ಲಿ ಆರಂಭಿಸಿತು. ಸಂಘದ ಪುಸ್ತಕ ಬರೆಯುವವರು ಒಬ್ಬರೇ ಆಗಬಾರದು ಎಂಬುದೊಂದೇ ನನ್ನ ಸೂಚನೆ. ತಿಂಗಳಿಗೊಮ್ಮೆ ಎಲ್ಲರ ಮುಂದೆ ಓದಿಸಿರಿ. ಓದು ಬಾರದವರೂ ಕೇಳಿ ನೆನಪಿಟ್ಟುಕೊಳ್ಳುತ್ತಾರೆ, ಅವರ ನೆನಪು ನಮಗಿಂತ ಗಟ್ಟಿ.

ಉದ್ರಿ ಖಾತೆ

ಅಂಗಡಿಯ ಉದ್ರಿಗೆ ಬಡ್ಡಿ ಇಲ್ಲವೆಂದು ನಾವು ತಿಳಿಯುತ್ತೇವೆ. ಬಡ್ಡಿ ಬೆಲೆಯಲ್ಲಿಯೇ ಅಡಗಿರುತ್ತದೆ. ರೊಕ್ಕ ಕೊಟ್ಟರೆ 1,350 ರೂಪಾಯಿಗೆ ಸಿಗುವ ಒಂದು ಚೀಲ ಗೊಬ್ಬರವನ್ನು ಸುಗ್ಗಿಯಲ್ಲಿ ಕೊಡುವ ಮಾತಿನ ಮೇಲೆ 1,500ಕ್ಕೆ ತಂದಿರೆಂದು ಇಟ್ಟುಕೊಳ್ಳಿ. ಐದು ತಿಂಗಳಿಗೆ 150 ರೂಪಾಯಿ ಹೆಚ್ಚು. ವರ್ಷದ ಲೆಕ್ಕಕ್ಕೆ ಅದು ಶೇಕಡಾ 26ಕ್ಕೂ ಮೀರಿದ ಬಡ್ಡಿ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಉದ್ರಿ ಕೊಟ್ಟ ಅಂಗಡಿಗೇ ಮಾಲು ಹಾಕಬೇಕು, ಅವರು ಹೇಳಿದ ತೂಕಕ್ಕೆ, ಅವರು ಹೇಳಿದ ದರಕ್ಕೆ ಒಪ್ಪಬೇಕು. ಔಷಧವನ್ನೂ ಅವರು ಕೊಟ್ಟದ್ದನ್ನೇ ಹೊಡೆಯಬೇಕು. ಹುಳು ಯಾವುದು, ಔಷಧ ಯಾವುದು ಎಂಬ ವಿಚಾರ ಅಲ್ಲಿ ಇರುವುದಿಲ್ಲ. ಗೊಬ್ಬರದ ಚೀಲದ ಮೇಲೆ ಅಚ್ಚಾದ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧ ಎಂಬುದೂ ನಿಮಗೆ ತಿಳಿದಿರಲಿ. ರಸೀದಿ ಕೇಳಿ ಪಡೆಯಿರಿ.

ಉದ್ರಿಯಿಂದ ಒಮ್ಮೆಲೇ ಬಿಡಿಸಿಕೊಳ್ಳುವುದು ಆಗದ ಮಾತು. ಈ ವರ್ಷ ಒಂದು ಚೀಲವನ್ನಾದರೂ ರೊಕ್ಕ ಕೊಟ್ಟು ತನ್ನಿರಿ, ಮುಂದಿನ ವರ್ಷ ಎರಡು. ಪಿ.ಎಂ. ಕಿಸಾನ್ ಯೋಜನೆಯ 2,000 ರೂಪಾಯಿಯ ಕಂತು ವರ್ಷಕ್ಕೆ ಮೂರು ಸಲ ಬರುತ್ತದೆ. ಅದು ಬಂದ ವಾರವೇ ಸಂತೆಯಲ್ಲಿ ಕರಗದಂತೆ, ಒಂದು ಕಂತನ್ನು ಗೊಬ್ಬರಕ್ಕೆಂದೇ ತೆಗೆದಿಡಬಹುದು. ಗೃಹಲಕ್ಷ್ಮಿಯ ಹಣ ಮನೆಯಾಕೆಯದು. ಅದನ್ನು ಯಾವುದಕ್ಕೆ ಬಳಸಬೇಕೆಂದು ಅವಳೇ ನಿರ್ಧರಿಸಲಿ. ಗಂಡಸರ ಸಲಹೆ ಇಲ್ಲಿ ಬೇಡ.

ಕಣದಿಂದಲೇ ಮಾರಾಟ, ಆಷಾಢದಲ್ಲಿ ಖರೀದಿ

ಐದು ಜನರ ಮನೆಗೆ ದಿನಕ್ಕೆ ಎರಡು ಕೆ.ಜಿ. ಜೋಳ ಅಥವಾ ಸಜ್ಜೆ ಬೇಕಾದರೆ ವರ್ಷಕ್ಕೆ ಏಳು ಕ್ವಿಂಟಲಿಗಿಂತ ಹೆಚ್ಚಾಯಿತು. ಪಡಿತರದ ಅಕ್ಕಿ ಸ್ವಲ್ಪ ಭಾರ ಇಳಿಸುತ್ತದೆ. ಆದರೂ ರೊಟ್ಟಿಯಿಲ್ಲದೆ ನಮ್ಮ ಸೀಮೆಯಲ್ಲಿ ಊಟ ಆಗುವುದಿಲ್ಲ. ಎಲ್ಲರ ರಾಶಿಯೂ ಒಂದೇ ಹೊತ್ತಿಗೆ ಮುಗಿಯುವುದರಿಂದ ಪೇಟೆಯಲ್ಲಿ ಆಗ ಮಾಲು ತುಂಬಿ ದರ ಬೀಳುತ್ತದೆ. ಸಾಲಗಾರರ ಒತ್ತಾಯಕ್ಕೆ ಮನೆಯ ಊಟದ ಕಾಳನ್ನೂ ಮಾರಿ, ನಾಲ್ಕು ತಿಂಗಳಿಗೆ ಅಂಗಡಿಯಲ್ಲಿ ಅದೇ ಕಾಳನ್ನು ಕೊಳ್ಳುವ ಮನೆಗಳಿವೆ. ಎರಡು ಸಲ ದಲಾಲಿ, ಎರಡು ಸಲ ಗಾಡಿ ಬಾಡಿಗೆ. ಊಟದ ಕಾಳು, ಬೀಜದ ಕಾಳು, ಇವೆರಡನ್ನು ಮೊದಲು ಎತ್ತಿಟ್ಟು ಮಿಕ್ಕದ್ದನ್ನು ಪೇಟೆಗೆ ಸಾಗಿಸಿರಿ. ಮಾರುವ ಮಾಲನ್ನು ತಡೆಹಿಡಿಯಬೇಕೆಂದರೆ ನೋಂದಾಯಿತ ಉಗ್ರಾಣದಲ್ಲಿ ಇಟ್ಟು, ಅದರ ರಸೀದಿಯ ಮೇಲೆ ಅಡಮಾನ ಸಾಲ ಪಡೆಯುವ ಅನುಕೂಲವಿದೆ. ಸಣ್ಣ, ಅತಿ ಸಣ್ಣ ರೈತರಿಗೆ ಕಿಸಾನ್ ಕಾರ್ಡಿದ್ದರೆ ಈ ಸಾಲಕ್ಕೆ ಆರು ತಿಂಗಳವರೆಗೆ ಬಡ್ಡಿ ರಿಯಾಯಿತಿಯೂ ಉಂಟು. ತಡೆದರೆ ದರ ಏರಿಯೇ ಏರುತ್ತದೆಂದು ಯಾರೂ ಮಾತು ಕೊಡಲಾರರು. ಅರ್ಧ ಮಾರಿ ಅರ್ಧ ಇಡುವುದು ಜಾಣತನ.

ಇಟ್ಟ ಕಾಳು ನುಸಿಯ ಪಾಲಾದರೆ ಉಳಿಸಿದ್ದು ಏನು? ನಮ್ಮ ಹಿರಿಯರ ಹಗೇವುಗಳು ಗಾಳಿಯಾಡದಂತೆ ಮುಚ್ಚಿ ಹುಳುವನ್ನು ಸಾಯಿಸುತ್ತಿದ್ದವು. ಈಗ ಹಗೇವು ತೆಗೆಯುವವರು ವಿರಳ. ಕಾಳನ್ನು ಕಡಿದರೆ ಕಟ್ಟೆಂದು ಸದ್ದು ಬರುವಷ್ಟು ಬಿಸಿಲಿಗೆ ಒಣಗಿಸಿ, ಆರಿದ ಮೇಲೆ, ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯಲ್ಲಿಯೋ ಗಾಳಿಯಾಡದ ಮೂರು ಪದರದ ಚೀಲದಲ್ಲಿಯೋ ತುಂಬಿರಿ. ಕಡಲೆ, ಹೆಸರು, ತೊಗರಿಗೆ ಕೆ.ಜಿ.ಗೆ 5 ಮಿ.ಲೀ. ಅಡುಗೆ ಎಣ್ಣೆ ಸವರಿದರೆ ನುಸಿ ಮೊಟ್ಟೆಯಿಡುವುದು ಕಡಿಮೆ. ಡಬ್ಬಿಯ ಮೇಲ್ಭಾಗದಲ್ಲಿ ಒಂದು ಅಂಗುಲ ಒಣ ಮರಳು ಹರಡುವುದೂ ಒಳ್ಳೆಯ ಉಪಾಯ. ಬೇಳೆ ಒಡೆಸಿಟ್ಟರೆ ನುಸಿಯ ಕಾಟ ಇನ್ನೂ ಕಡಿಮೆ. ಊಟದ ಕಾಳಿಗೆ ಹೊಲದ ಔಷಧದ ಪುಡಿ ಬೆರೆಸುವುದನ್ನು ಮಾತ್ರ ಯಾರೂ ಮಾಡಬೇಡಿರಿ. ಜೀವಕ್ಕೆ ಅಪಾಯ.

ಬೀಜ ಮತ್ತು ಬೇವು

ಶೇಂಗಾ ಬಿತ್ತಲು ಎಕರೆಗೆ 40ರಿಂದ 50 ಕೆ.ಜಿ. ಕಾಳು ಬೇಕು. ಕೆ.ಜಿ.ಗೆ 100 ರೂಪಾಯಿ ಹಿಡಿದರೂ ನಾಲ್ಕೈದು ಸಾವಿರದ ಮಾತು. ಶೇಂಗಾ, ಕಡಲೆ, ಹೆಸರು ತಮ್ಮಲ್ಲಿಯೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆಗಳು. ಆದುದರಿಂದ ಒಮ್ಮೆ ಪ್ರಮಾಣಿತ ಬೀಜ ತಂದು, ಹೊಲದಲ್ಲಿ ಒಳ್ಳೆಯ ಸಾಲುಗಳನ್ನು ಗುರುತಿಸಿ, ಬೆರಕೆ ಗಿಡ ಕಿತ್ತುಹಾಕಿ, ಬೇರೆಯಾಗಿ ರಾಶಿ ಮಾಡಿದರೆ ಎರಡು ಮೂರು ವರ್ಷ ಮನೆಯ ಬೀಜವೇ ಸಾಕು. ಶೇಂಗಾವನ್ನು ಕಾಯಿಯಲ್ಲಿಯೇ ಇಟ್ಟು ಬಿತ್ತುವ ಮುಂದೆ ಒಡೆಯಿರಿ. ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿರಿ. ಶೇಂಗಾದಲ್ಲಿ 70, ಜೋಳದಲ್ಲಿ 75, ಕಡಲೆಯಲ್ಲಿ 85ಕ್ಕೆ ಕಡಿಮೆ ಇರಬಾರದು. ಹೈಬ್ರಿಡ್ ಮೆಕ್ಕೆಜೋಳ, ಹೈಬ್ರಿಡ್ ಸಜ್ಜೆ, ಸೂರ್ಯಕಾಂತಿಯಲ್ಲಿ ಈ ಉಳಿತಾಯ ನಡೆಯದು. ಅವುಗಳ ಕಾಳನ್ನು ಮತ್ತೆ ಬಿತ್ತಿದರೆ ಇಳುವರಿ ಬೀಳುತ್ತದೆ.

ಜ್ಯೇಷ್ಠ, ಆಷಾಢದಲ್ಲಿ ಬೇವಿನ ಹಣ್ಣು ಉದುರುತ್ತದೆ. ಊರ ಸುತ್ತ ಎಷ್ಟು ಬೇವಿನ ಮರಗಳಿವೆ! ಮಕ್ಕಳು ಒಂದು ವಾರ ಆರಿಸಿದರೆ ಮನೆಗೆ ಬೇಕಾದಷ್ಟು ಬೀಜ ಸಿಗುತ್ತದೆ. ತಿರುಳು ತೊಳೆದು, ನೆರಳಲ್ಲಿ ಒಣಗಿಸಿಡಿರಿ. 5 ಕೆ.ಜಿ. ಬೀಜದ ತಿರುಳನ್ನು ಕುಟ್ಟಿ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, 100 ಗ್ರಾಂ ಸಾಬೂನಿನ ಪುಡಿ ಸೇರಿಸಿ 100 ಲೀಟರ್ ಮಾಡಿಕೊಂಡು ಸಂಜೆ ಹೊತ್ತು ಸಿಂಪಡಿಸಬೇಕು. ರಸ ಹೀರುವ ಹುಳುಗಳಿಗೂ ಕಾಯಿಕೊರಕದ ಮೊಟ್ಟೆ, ಎಳೆಯ ಮರಿಗಳಿಗೂ ಇದು ಉಪಯುಕ್ತ. ದೊಡ್ಡ ಹುಳುವಾದ ಮೇಲೆ ಬೇವಿನಿಂದ ಆಗುವುದಿಲ್ಲ. ಹೊಲವನ್ನು ದಿನಾಲು ನೋಡುವವರಿಗೆ ಮಾತ್ರ ಈ ಉಳಿತಾಯ ಒಲಿಯುತ್ತದೆ.

ಅಡುಗೆಮನೆ

ಇಲ್ಲಿ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಇಲ್ಲಿ ನೀವೇ ಪಂಡಿತರು. ಕಡಲೆ, ಅಲಸಂದೆಯನ್ನು ರಾತ್ರಿ ನೆನೆಹಾಕಿದರೆ ಬೇಯುವ ಹೊತ್ತು ಕಡಿಮೆ. ಪಾತ್ರೆಗೆ ಮುಚ್ಚಳ ಬೇಕು. ಕಟ್ಟಿಗೆ ಒಲೆ ಇನ್ನೂ ಉರಿಯುವ ಮನೆಗಳಲ್ಲಿ ಹೊಗೆಕೊಳವೆಯ ಸುಧಾರಿಸಿದ ಒಲೆ ಹಾಕಿಸುವುದು ಕಣ್ಣಿಗೂ ಎದೆಗೂ ಒಳ್ಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ರೂಪಿಸಿದ ಒಲೆ ಕಟ್ಟಿಗೆಯನ್ನು ಬಹಳ ಉಳಿಸುತ್ತದೆಂದು ಹೆಸರಾಯಿತು. ಬಚ್ಚಲ ನೀರು ಹೋಗುವಲ್ಲಿ ನುಗ್ಗೆ, ಕರಿಬೇವು, ಪಪಾಯಿ, ನಾಲ್ಕು ಮಡಿ ಸೊಪ್ಪು. ಒಂದು ಕ್ವಿಂಟಲ್ ಶೇಂಗಾ ಕಾಯಿ ಒಡೆಸಿದರೆ ಸುಮಾರು 70 ಕೆ.ಜಿ. ಕಾಳು, ಗಾಣದಲ್ಲಿ 25ರಿಂದ 28 ಕೆ.ಜಿ. ಎಣ್ಣೆ, ಮಿಕ್ಕ ಹಿಂಡಿ ದನಕ್ಕೆ. ಬೂಷ್ಟು ಹಿಡಿದ ಕಾಳನ್ನು ಆರಿಸಿ ತೆಗೆದುಬಿಡಿರಿ. ಅದರಲ್ಲಿ ವಿಷ ಇರುತ್ತದೆ, ಅದರ ಹಿಂಡಿ ದನಕ್ಕೂ ಆಗದು.

ಗುಟ್ಕಾ, ಬೀಡಿ, ಕುಡಿತದ ಬಗ್ಗೆ ಉಪದೇಶ ಮಾಡುವುದಿಲ್ಲ, ಲೆಕ್ಕ ಮಾತ್ರ ಹೇಳುತ್ತೇನೆ. ದಿನಕ್ಕೆ 20 ರೂಪಾಯಿ ಎಂದರೆ ವರ್ಷಕ್ಕೆ 7,300 ರೂಪಾಯಿ. ಮದುವೆಯ ಸಾಲವೂ ದೊಡ್ಡ ವಿಷಯವೇ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆದು ಬಂದಿದೆ, ನಮ್ಮ ಸೀಮೆಯ ಮಠಗಳಲ್ಲಿಯೂ ನಡೆಯುತ್ತವೆ. ಅಲ್ಲಿ ಮದುವೆಯಾದವರ ಸಂಸಾರ ಬೇರೆಯವರಿಗಿಂತ ಕಡಿಮೆ ಚೆನ್ನಾಗಿ ನಡೆದುದನ್ನು ನಾನು ಕಂಡಿಲ್ಲ.

ಎಲ್ಲಿ ಉಳಿಸಬಾರದು

ಉಳಿತಾಯ ಎಂದೊಡನೆ ನಮ್ಮ ಮನೆಗಳಲ್ಲಿ ಮೊದಲು ಚಿಕ್ಕದಾಗುವುದು ತಾಯಿಯ ತಟ್ಟೆ. ಎಲ್ಲರೂ ಉಂಡ ಮೇಲೆ ಮಿಕ್ಕದ್ದು ಅವಳಿಗೆ. ಹಾಲು ಡೇರಿಗೆ ಹೋಗುತ್ತದೆ, ಮೊಟ್ಟೆ ಸಂತೆಗೆ ಹೋಗುತ್ತದೆ, ಬಸುರಿ ಸೊಸೆ ಚಟ್ನಿ ರೊಟ್ಟಿ ತಿನ್ನುತ್ತಾಳೆ. ಇದನ್ನು ಉಳಿತಾಯ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ರಕ್ತ ಕಡಿಮೆಯಾಗಿ ಹೆರಿಗೆಗೆ ದೊಡ್ಡ ಆಸ್ಪತ್ರೆಗೆ ಓಡಿದರೆ ಆಗುವ ಖರ್ಚು ಹತ್ತು ವರ್ಷದ ಹಾಲಿನ ದುಡ್ಡನ್ನು ನುಂಗುತ್ತದೆ. ದಿನಕ್ಕೆ ಒಂದು ಲೋಟ ಹಾಲು ಮನೆಯಲ್ಲಿಯೇ ಉಳಿಯಲಿ. ಮಕ್ಕಳ ಶಾಲೆ ಬಿಡಿಸುವುದು, ಜ್ವರ ಬಂದಾಗ ನಾಲ್ಕು ದಿನ ನೋಡೋಣವೆನ್ನುವುದು, ದನಕ್ಕೆ ಲಸಿಕೆ ತಪ್ಪಿಸುವುದು, ಬೀಜೋಪಚಾರ ಬಿಡುವುದು, ಇವೆಲ್ಲ ಇದೇ ಜಾತಿಯವು.

ಬೆಳೆ ವಿಮೆಯನ್ನೂ ಇದಕ್ಕೆ ಸೇರಿಸುತ್ತೇನೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿ ಆಹಾರಧಾನ್ಯ, ಎಣ್ಣೆಕಾಳುಗಳಿಗೆ ರೈತರು ಕಟ್ಟುವುದು ವಿಮಾ ಮೊತ್ತದ ಶೇಕಡಾ 2, ಹಿಂಗಾರಿಗೆ ಒಂದೂವರೆ. 20,000 ರೂಪಾಯಿಯ ವಿಮೆಗೆ 400 ರೂಪಾಯಿ. ಪರಿಹಾರ ತಡವಾಯಿತು, ಕಡಿಮೆ ಬಂತು ಎಂಬ ದೂರು ನಾನೂ ಕೇಳಿದ್ದೇನೆ, ಅದರಲ್ಲಿ ಸತ್ಯಾಂಶವಿದೆ. ಆದರೂ 2023ರಂಥ ವರ್ಷ ಬಂದಾಗ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಿದ ಆ ವರ್ಷದಂತೆ, ಬರಿಗೈಯಲ್ಲಿ ಇರುವುದಕ್ಕಿಂತ ವಿಮೆ ಇರುವುದು ಮೇಲು. ಗಡುವಿನ ದಿನಾಂಕವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಈ ವಾರವೇ ಕೇಳಿಕೊಳ್ಳಿರಿ. ಅದು ಪ್ರತಿ ಬೆಳೆಗೂ ಬೇರೆಬೇರೆ ಇರುತ್ತದೆ.

ಕೊನೆಯದಾಗಿ ಲೆಕ್ಕದ ಪುಸ್ತಕ. ಮಕ್ಕಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆ ಸಾಕು. ಬಂದದ್ದು ಒಂದು ಕಡೆ, ಹೋದದ್ದು ಒಂದು ಕಡೆ, ಯಾರಿಗೆ ಎಷ್ಟು ಕೊಡಬೇಕು ಎಂಬುದು ಹಿಂಬದಿಯ ಹಾಳೆಯಲ್ಲಿ. ಎಂಟನೆಯ ತರಗತಿಯ ಮಗಳು ರಾತ್ರಿ ಊಟವಾದ ಮೇಲೆ ಐದು ನಿಮಿಷದಲ್ಲಿ ಬರೆಯುತ್ತಾಳೆ. ಗಂಡ ತಂದ ಕೈಗಡವನ್ನು ಹೆಂಡತಿಗೆ, ಹೆಂಡತಿ ಸಂಘದಲ್ಲಿ ತಂದ ಸಾಲವನ್ನು ಗಂಡನಿಗೆ ಹೇಳದೆ ಇರುವ ಮನೆಗಳಲ್ಲಿ ಈ ಪುಸ್ತಕ ಮೊದಲ ತಿಂಗಳು ಜಗಳ ಹಚ್ಚುವುದು ಖಂಡಿತ. ಆ ಜಗಳ ಆಗಿಬಿಡಲಿ.

ಶೇಂಗಾ ಬೀಜದ ಮೊಳಕೆ ಪರೀಕ್ಷೆಯ ಗೋಣಿಯನ್ನೂ ಮೂರು ಪದರದ ಚೀಲವನ್ನೂ ಇಲ್ಲಿ ಮೇಜಿನ ಮೇಲೆ ಇಟ್ಟಿದ್ದೇವೆ, ಹತ್ತಿರ ಬಂದು ನೋಡಬಹುದು. ಸಾಲದ ಪಾಸ್‌ಬುಕ್ಕು ತಂದಿರುವ ತಾಯಂದಿರು ಈ ಕಡೆ ಕೂತುಕೊಳ್ಳಿರಿ, ಒಬ್ಬೊಬ್ಬರದೇ ಬಡ್ಡಿಯ ಲೆಕ್ಕ ಹಾಕಿ ನೋಡೋಣ.